ರೇವಣಪ್ಪ ಮಾಸ್ತರರ ರೆಪ್ಪೆ ಬಡಿಯದ ಓದು

ಸೇಡಂನ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ನೆನಪಿನ ಪುಸ್ತಕ ತರುತ್ತಿದ್ದಾರಂತೆ. ಅದಕ್ಕೆ ರೇವಣಪ್ಪ ಮಾಸ್ತರರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ನಾನು ಅವರ ಅಚ್ಚುಮೆಚ್ಚಿನ ಶಿಷ್ಯ ಎಂದು ಊರಿಗೆಲ್ಲ ಗೊತ್ತಂತೆ. ನಾಲ್ಕು ಹೋಗಲಿ, ಒಂದೇ ಒಂದು ಒಳ್ಳೆಯ ಮಾತು ಹುಡುಕಲು ಎರಡು ದಿನ ತಲೆ ಕೆರೆದುಕೊಂಡೆ. ಅವರ ಅಕ್ಷರ ದುಂಡಗಿತ್ತು. ಅಷ್ಟೇ. ಉಳಿದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ‘ಅವರು’ ಎನ್ನುವುದನ್ನೂ ಇಲ್ಲಿಗೇ ಬಿಡುತ್ತೇನೆ. ಅಚ್ಚು ಹಾಕುವುದು, ಹರಿದು ಒಗೆಯುವುದು ಕೇಳಿದವರಿಗೆ ಬಿಟ್ಟದ್ದು.

ಮೊದಲಿಗೆ, ಆತ ಮಾಸ್ತರನೇ ಅಲ್ಲ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವನಲ್ಲ. ಮನೆಯಲ್ಲಿ ಹೊಲ ಇತ್ತು, ಅಣ್ಣಂದಿರು ನೋಡಿಕೊಳ್ಳುತ್ತಿದ್ದರು, ಈತ ಓದುತ್ತಿದ್ದ. ಮೂವತ್ತು ದಾಟಿದರೂ ಓದುತ್ತಲೇ ಇದ್ದ. ಮೆಟ್ರಿಕ್ ಆದ ಮೇಲೆ ಇಂಟರ್ ಪರೀಕ್ಷೆಗೆಂದು ಗುಲಬರ್ಗಾಕ್ಕೆ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಫೇಲಾಗಿ ಬಂದಿದ್ದ. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿಕೊಂಡು ಅಣ್ಣಂದಿರ ಜೊತೆ ಹೊಲಕ್ಕೆ ಹೋಗುತ್ತಿದ್ದರು. ಈತ ಪರೀಕ್ಷೆಗೆ ಓದುವುದು ಹೇಗೆ ಎಂದು ಊರಿಗೆ ಕಲಿಸಲು ಕೂತ. ನಮ್ಮ ಊರವರ ಬುದ್ಧಿಗೆ ಏನೆನ್ನಬೇಕೋ, ಕಾಲೇಜಿಗೆ ಹೋಗುವ ಮಕ್ಕಳನ್ನು ಕಳಿಸಿಯೂ ಕಳಿಸಿದರು.

ಕಳಿಸಲು ಕಾರಣ ಆತನ ಕಣ್ಣು. ಬಡಕಲು ಮೈ, ಹಣೆಯ ತುಂಬ ವಿಭೂತಿ, ಬಿಸಿಲಿನಲ್ಲೂ ಕಪ್ಪು ಕೋಟು, ಅದರ ಮೇಲೆ ಆ ಎರಡು ಕಣ್ಣು. ಮಾತಾಡುವಾಗ ರೆಪ್ಪೆ ಬಡಿಯುತ್ತಿರಲಿಲ್ಲ. ಎದುರು ಕೂತವರಿಗೆ ತಾವೇ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಆತನ ಹತ್ತಿರ ಕೂತವರಲ್ಲಿ ಹೇಗೂ ಪಾಸಾಗಬಲ್ಲವರು ಪಾಸಾದರು, ಆ ಹೆಸರು ಆತನಿಗೆ ಬಂತು. ಫೇಲಾದವರ ಬಗ್ಗೆ ಆತ ಒಂದೇ ಮಾತು ಹೇಳುತ್ತಿದ್ದ: “ರೆಪ್ಪಿ ಬಡದಾನ.”

ಆ ರೆಪ್ಪೆಯ ಸಂಗತಿ ಹೇಳಬೇಕು. ನಮ್ಮಲ್ಲಿ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂಡುವುದುಂಟು. ನನ್ನ ಅಜ್ಜ ಹಾಗೆ ಕೂತರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುತ್ತಿರಲಿಲ್ಲ. ರೇವಣಪ್ಪ ಅದನ್ನು ತೆಗೆದುಕೊಂಡು ಹೋಗಿ ಪರೀಕ್ಷೆಗೆ ಕಟ್ಟಿದ. ಲಿಂಗದ ಜಾಗದಲ್ಲಿ ಪುಸ್ತಕದ ಒಂದು ಹಾಳೆ. ಅದನ್ನು ಎಡ ಅಂಗೈ ಮೇಲೆ ಹಿಡಿದು, ಕಣ್ಣಲ್ಲಿ ನೀರು ಸುರಿಯುವ ತನಕ ನೋಡಬೇಕು. ಆಮೇಲೆ ಕಣ್ಣು ಮುಚ್ಚಿದರೆ ಹಾಳೆಯಲ್ಲಿದ್ದ ಸಾಲುಗಳು ಒಳಗೆ ಕಾಣುತ್ತವಂತೆ. ನಡುವೆ ರೆಪ್ಪೆ ಬಡಿದರೆ ಮತ್ತೆ ಮೊದಲಿನಿಂದ ಶುರು. ಇದಕ್ಕೆ ಆತ ‘ದೃಷ್ಟಿ ಕೂಡುವುದು’ ಎಂದು ಹೆಸರಿಟ್ಟಿದ್ದ.

ಉಳಿದ ಕಟ್ಟಳೆಗಳನ್ನೂ ಕೇಳಿ. ನಸುಕಿನ ಮೂರಕ್ಕೆ ಏಳಬೇಕು, ತಣ್ಣೀರು ಸುರಿದುಕೊಳ್ಳಬೇಕು. ದಿನಕ್ಕೆ ಒಂದೇ ಊಟ, ಅದೂ ಜೋಳದ ಅಂಬಲಿ. ನಿದ್ದೆ ಮೂರು ತಾಸು, ಗೋಡೆಗೆ ಒರಗಿಕೊಂಡು. ಬೆನ್ನು ನೆಲಕ್ಕೆ ಹತ್ತಿದರೆ ಓದಿದ್ದು ಇಳಿದುಹೋಗುತ್ತದೆ ಎಂದು ಹೇಳುತ್ತಿದ್ದ. ತಲೆಗೆ ಎಣ್ಣೆ ಇಲ್ಲ, ತಿರುಗಾಟ ಇಲ್ಲ, ಗೆಳೆಯರ ಜೊತೆ ನಗು ಇಲ್ಲ. ಒಂದು ಮಾತ್ರ ನಿಜ, ಆತ ಕಳ್ಳನಲ್ಲ. ತಾನೂ ಹಾಗೆಯೇ ಬದುಕುತ್ತಿದ್ದ. ಕಳ್ಳನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಆತನ ಕೈಗೆ ಸಿಕ್ಕಿದ್ದು ಹೈದರಾಬಾದ್ ಸರಕಾರದ ಲೆಕ್ಕದ ಫಸಲಿ ೧೩೫೩ರಲ್ಲಿ, ಅಂದರೆ ಯುದ್ಧ ನಡೆಯುತ್ತಿದ್ದ ನಲವತ್ನಾಲ್ಕನೆಯ ಇಸವಿಯಲ್ಲಿ. ಗುಲಬರ್ಗಾದಲ್ಲಿ ಎರಡು ವರ್ಷ ಇಂಟರ್ ಓದಿ, ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಊರಿಗೆ ಬಂದಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ, ಮನೆಯ ಮಾತು ಕನ್ನಡ. ಓದು ಭಾರವಾಗಿತ್ತು ನಿಜ. ಅಪ್ಪ ನನ್ನನ್ನು ಕರೆದುಕೊಂಡು ರೇವಣಪ್ಪನ ಪಡಸಾಲೆಗೆ ಹೊರಟಾಗ ಅವ್ವ ಭಾಗಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

“ಲಿಂಗ ನೋಡೋದು ಎಲ್ಲಾ ಮರೀಲಿಕ್ಕ. ನೆನಪಿಡ್ಲಿಕ್ಕ ಅಲ್ರೀ. ಆ ಮನಿಷ್ಯಾಗ ಅಷ್ಟೂ ತಿಳೀವಲ್ದು, ಪೋರನ್ನ ಅವನ ಕೈಯಾಗ ಕೊಡ್ತೀರೇನು?”

“ನೀ ಇಂಟರ್ ಓದೀದೇನು?” ಎಂದ ಅಪ್ಪ. ಅಲ್ಲಿಗೆ ಅವ್ವನ ಮಾತು ಮುಗಿಯಿತು.

ನನ್ನ ಜೊತೆ ಓದುತ್ತಿದ್ದ ಅಂಬರಾಯನೂ ಅವತ್ತು ಬಂದಿದ್ದ. ಮಳಖೇಡದವನು, ಕಾಗಿಣಾ ನದಿಯ ದಂಡೆಯಲ್ಲಿ ದೋಣಿ ಹಾಕಿ ಮೀನು ಹಿಡಿಯುವ ಮನೆಯವನು, ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ನಾನು ಕಲಿಯುವುದಾದರೆ ತಾನೂ ಕಲಿಯಬೇಕು ಎಂದು ಆಸೆಯಿಂದ ಹತ್ತು ಮೈಲಿ ನಡೆದು ಬಂದಿದ್ದ. ರೇವಣಪ್ಪ ಆತನನ್ನು ಕೂಡು ಎನ್ನಲಿಲ್ಲ.

“ಕೈಯಾಗ ಲಿಂಗ ಹಿಡೀದವ ಏನು ದೃಷ್ಟಿ ಕೂಡ್ತಾನ? ಮೀನಾ ತಿಂದ ಬಾಯಿ. ಹೋಗಪಾ, ನಿಮ್ಮ ಮೀನಿನ ಬಲಿ ಹೊಲ್ಕೋ ಹೋಗು.”

ಅಂಬರಾಯನ ಮುಖ ಕಪ್ಪಿಟ್ಟಿತು. ನನ್ನನ್ನು ಸೇರಿಸಿಕೊಂಡರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ, ಅದನ್ನು ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅಂಬರಾಯ ಹೋಗುವಾಗ ನನ್ನ ಕಡೆ ತಿರುಗಿ, “ನಿನಗ ಚೊಲೋ ಆಗ್ಲಿ,” ಎಂದಷ್ಟೇ ಹೇಳಿದ.

ಎರಡು ತಿಂಗಳು ನಾನು ದೃಷ್ಟಿ ಕೂತೆ. ಪಡಸಾಲೆಯಲ್ಲಿ ಮೂವರಿದ್ದೆವು. ಹದಿನೈದು ದಿನಕ್ಕೆ ಕಣ್ಣು ಕೆಂಪಾಯಿತು. ತಿಂಗಳಿಗೆ ಅಕ್ಷರದ ಸುತ್ತ ಬಣ್ಣದ ಉಂಗುರಗಳು ಕಾಣತೊಡಗಿದವು. ಅದನ್ನು ಹೇಳಿದರೆ ರೇವಣಪ್ಪ ಖುಷಿಪಟ್ಟ. “ತೆರೀಲಿಕತ್ತದ, ಒಳಗಣ್ಣ ತೆರೀಲಿಕತ್ತದ. ಬಿಡಬ್ಯಾಡ,” ಎಂದ. ಅಂಬಲಿ ಕುಡಿದು ಕುಡಿದು ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಪುಸ್ತಕದ ಎಷ್ಟನೆಯ ಪುಟದಲ್ಲಿ ಮಸಿಯ ಕಲೆಯಿದೆ ಎಂದು ಕೇಳಿದರೆ ಹೇಳುತ್ತಿದ್ದೆ. ಆ ಪುಟದಲ್ಲಿ ಏನು ಬರೆದಿದೆ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು.

ಸೇಡಂನಿಂದ ವಾಡಿಗೆ ಹೋಗಿ, ಅಲ್ಲಿ ರೈಲು ಬದಲಿಸಿ ಗುಲಬರ್ಗಾ ಮುಟ್ಟಿದೆ. ಹಮೀದಾಬಿ ಎಂಬ ವಿಧವೆಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎರಡು ಪೇಪರು ಹೇಗೋ ಬರೆದೆ. ಮೂರನೆಯ ದಿನ ಬೆಳಗ್ಗೆ ಕಣ್ಣು ತೆರೆಯಲು ಬರಲಿಲ್ಲ. ರೆಪ್ಪೆಗಳು ಕೀವಿನಿಂದ ಅಂಟಿದ್ದವು, ಮೈ ಕೆಂಡವಾಗಿತ್ತು. ಗೋಡೆ ಹಿಡಿದುಕೊಂಡು ಹೊರಗೆ ಬಂದವನನ್ನು ಹಮೀದಾಬಿ ಕೈ ಹಿಡಿದು ಒಳಗೆ ಕರೆದೊಯ್ದಳು, ಬಟ್ಟೆ ಒದ್ದೆ ಮಾಡಿ ಕಣ್ಣು ಒರೆಸಿದಳು, ಕಿಟಕಿಗೆ ಕಂಬಳಿ ಕಟ್ಟಿದಳು.

“ಇವತ್ತ ಇಮ್ತಿಹಾನ ಅದ ಅಮ್ಮಾ, ಹೋಗಬೇಕು,” ಎಂದು ನಾನು ಅತ್ತೆ.

“ಕಣ್ಣ ಹೋದ ಮ್ಯಾಲ ಯಾವ ಇಮ್ತಿಹಾನ ಬೇಟಾ? ಮಕ್ಕೋ. ಎಷ್ಟ ದಿನಾ ಆಯ್ತು ನೀ ನೆಲಕ್ಕ ಬೆನ್ನ ಹಚ್ಚಿ?”

ಎರಡು ತಿಂಗಳಾಗಿತ್ತು. ಅವಳು ಮಾಡಿದ ಗಂಜಿ ಕುಡಿದು ಆ ಹಗಲೂ ಮರುಹಗಲೂ ಮಲಗಿದೆ. ಎರಡು ಪೇಪರು ಹೋದವು, ಅವುಗಳ ಜೊತೆ ಒಂದು ವರ್ಷವೂ ಹೋಯಿತು. ಅಂಬರಾಯ ಪಾಸಾದ.

ಊರಿಗೆ ಬಂದಾಗ ರೇವಣಪ್ಪ ನೋಡಲು ಬಂದ. ಆ ವರ್ಷ ಆತ ಪರೀಕ್ಷೆಗೆ ಕೂತಿರಲಿಲ್ಲ. ನನ್ನ ಹಾಸಿಗೆಯ ಪಕ್ಕ ಕೂತು, ಅಪ್ಪನ ಎದುರಿಗೆ, “ಪೂರಾ ಆಗೋ ಹೊತ್ತಿನ್ಯಾಗ ರೆಪ್ಪಿ ಬಡದಾನ. ಕಣ್ಣ ಸಿಟ್ಟಾಗ್ಯಾದ,” ಎಂದ. ಅಪ್ಪ ತಲೆಯಾಡಿಸಿದ. ನನ್ನ ಮೈಯೆಲ್ಲ ಉರಿದುಹೋಯಿತು. ಆ ಗಳಿಗೆಯಿಂದ ಆ ಮನುಷ್ಯನಿಗೆ ಒಂದು ದಿನವೂ ಒಳ್ಳೆಯದಾಗಬಾರದು ಎಂದು ನಾನು ಬಯಸಿದೆ.

ಮುಂದಿನ ವರ್ಷ ನಾನು ಅಂಬರಾಯನ ಹಾಗೆ ಓದಿದೆ. ಆತ ಬಿ.ಎ.ಗೆ ಹೈದರಾಬಾದಿಗೆ ಹೊರಡುವ ಮುಂಚೆ ಮಳಖೇಡಕ್ಕೆ ಹೋಗಿ, ನಾಚಿಕೆ ಬಿಟ್ಟು ಕೇಳಿದ್ದೆ. ಆತನ ಕ್ರಮದಲ್ಲಿ ಗುಟ್ಟೇ ಇರಲಿಲ್ಲ. ಒಂದು ಪಾಠ ಓದಿ ಪುಸ್ತಕ ಮುಚ್ಚಿಟ್ಟು ನದಿಯ ದಂಡೆಗೆ ಹೋಗುತ್ತಿದ್ದ. ಅಣ್ಣ ಬಲೆ ಬಿಡಿಸುತ್ತ ಕೂತಿರುತ್ತಿದ್ದ. ಅಣ್ಣನಿಗೆ ಉರ್ದು ಬಾರದು, ಅಕ್ಷರವೂ ಬಾರದು. ಅವನಿಗೆ ತಿಳಿಯುವ ಹಾಗೆ ಪಾಠವನ್ನು ಕನ್ನಡದಲ್ಲಿ ಹೇಳಬೇಕು. ಅಣ್ಣ ‘ಯಾಕ?’ ಎಂದು ಕೇಳಿದಾಗ ಉತ್ತರ ಬರದಿದ್ದರೆ ಮನೆಗೆ ಹೋಗಿ ಮತ್ತೆ ಓದಬೇಕು. ಕತ್ತಲಾಗಿ ಊಟವಾದ ಮೇಲೆ ಓದು ಬಂದ್. ಸೀಮೆಎಣ್ಣೆಗೆ ಹೇಗೂ ಯುದ್ಧದ ಬರ ಬಂದಿತ್ತು. ಹೊಟ್ಟೆ ತುಂಬ ಉಣ್ಣುತ್ತಿದ್ದ, ಕಾಲು ಚಾಚಿ ಮಲಗುತ್ತಿದ್ದ, ಶುಕ್ರವಾರದ ಸೂಟಿಯಲ್ಲಿ ಪುಸ್ತಕ ಮುಟ್ಟುತ್ತಿರಲಿಲ್ಲ.

“ಅಷ್ಟೇನಾ?” ಎಂದು ಕೇಳಿದೆ.

“ಇನ್ನೇನು ಬೇಕಾಗಿತ್ತೋ? ನೀವು ಭಾಳ ಶಾಣ್ಯಾ ಮಂದಿ, ನಿಮಗ ಇಷ್ಟು ಸಾಕಾಗಲ್ಲ,” ಎಂದು ನಕ್ಕ. ಆ ನಗುವಿನಲ್ಲಿ ರೇವಣಪ್ಪನ ಪಡಸಾಲೆಯ ಮಾತು ಇತ್ತು.

ನನಗೆ ಅಣ್ಣನಿರಲಿಲ್ಲ, ಅವ್ವ ಇದ್ದಳು. ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಪಕ್ಕ ಕೂತು ಬಾದಶಹರ ಕಥೆಯೆಲ್ಲ ಹೇಳಿದೆ. ಅವಳ ‘ಯಾಕ’ಗಳು ಅಂಬರಾಯನ ಅಣ್ಣನ ‘ಯಾಕ’ಗಳಿಗಿಂತ ಕಠಿಣವಾಗಿದ್ದವು. ವಾರಕ್ಕೊಮ್ಮೆ ನನ್ನ ತಲೆಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಅಪ್ಪ ಮೂಗು ಮುರಿಯುತ್ತ ಓಡಾಡಿದ.

ಫಸಲಿಯ ಖುರ್ದಾದ್ ತಿಂಗಳು, ನಮ್ಮ ಚೈತ್ರದ ಬಿಸಿಲು. ಪರೀಕ್ಷೆಗೆ ಹೊರಟಾಗ ಅದೇ ರೈಲಿನಲ್ಲಿ ರೇವಣಪ್ಪನೂ ಇದ್ದ. ಐದನೆಯ ಸಲ ಫಾರಂ ತುಂಬಿದ್ದ. ವಾಡಿಯಲ್ಲಿ ಮುಂದಿನ ಗಾಡಿಗೆ ಕಾಯುತ್ತ ಒಂದೇ ಬೆಂಚಿನ ಮೇಲೆ ಕೂಡಬೇಕಾಯಿತು. ನಾನು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನತೊಡಗಿದೆ. ಆತ ಬುತ್ತಿ ತಂದಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು.

“ಈ ಸಲ ಪಾಸಾಗ್ಲೇಬೇಕು ಅಮೃತಪ್ಪಾ,” ಎಂದ. ಅಮೃತಪ್ಪ ಎಂದರೆ ನಾನೇ. “ಚಿಂಚೋಳಿ ಶಾಲ್ಯಾಗ ಒಂದು ಜಾಗಾ ಖಾಲಿ ಅದ. ಇಂಟರ್ ಪಾಸಾದ್ರ ನಿನಗೇ ಅಂತ ಇಲಾಖೆದ ಸಾಹೇಬ್ರು ಮಾತು ಕೊಟ್ಟಾರ. ಇಲ್ಲಾಂದ್ರ ಬ್ಯಾರೆಯವರಿಗಿ. ಮಳಿಗಾಲಕ್ಕ ಹೋಗಿಬಿಡ್ತೀನಿ.”

“ಸೇಡಂ ಬಿಡ್ತೀರೇನು?”

“ಬಿಡಬೇಕಲ್ಲಪಾ. ಅಲ್ಲಿ ಹೆಡ್ ಮಾಸ್ತರ ಭಾಳ ಕಡಕ್ ಅಂತ. ಪುಸ್ತಕದಾಗ ಇದ್ದದ್ದು ಬಿಟ್ಟು ಏನೂ ಹೇಳಂಗಿಲ್ಲಂತ. ದೃಷ್ಟಿ ಕಲಸೋದು ಮಾತ್ರ ಅಲ್ಲಿಗೇ ನಿಂತು ಹೋಗ್ತದ. ಅದೊಂದು ಸಂಕಟ.”

ಈ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡೆ. ಅದರ ಅರ್ಥ ಮಾತ್ರ ತಲೆಗೆ ಹತ್ತಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಇವನಿಗೆ ಈ ನೌಕರಿ ಸಿಗಬಾರದು. ರೊಟ್ಟಿ ಬೇಕೇ ಎಂದು ಕೂಡ ನಾನು ಕೇಳಲಿಲ್ಲ.

ಮೊದಲ ಪೇಪರುಗಳೆಲ್ಲ ಮುಗಿದು ತಾರೀಖಿನ, ಅಂದರೆ ಇತಿಹಾಸದ ಪೇಪರು ಬಂತು. ಹಿಂದೆ ಫೇಲಾದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಸಿದ್ದರು. ನನ್ನ ಎಡಗಡೆಯ ಮೇಜು ರೇವಣಪ್ಪನದು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನಗೆ ಅವ್ವನ ದನಿಯೇ ಕೇಳಿಸಿತು. ಏಳರಲ್ಲಿ ಆರು ಪ್ರಶ್ನೆಗಳಿಗೆ ಅವಳು ‘ಯಾಕ’ ಎಂದು ಕೇಳಿ ಕೇಳಿ ನನ್ನ ಪ್ರಾಣ ತಿಂದಿದ್ದಳು. ಬರೆಯತೊಡಗಿದೆ.

ಅರ್ಧ ತಾಸಾಗಿರಬೇಕು, ಪಕ್ಕಕ್ಕೆ ನೋಡಿದೆ. ರೇವಣಪ್ಪ ಪ್ರಶ್ನೆಪತ್ರಿಕೆಯನ್ನು ಎಡ ಅಂಗೈ ಮೇಲೆ ಹಿಡಿದು, ಎದೆಗೆ ತಂದು, ಕಣ್ಣು ಮುಚ್ಚಿದ್ದ. ಹಾಳೆಯ ಮೇಲೆ ಹೆಸರು, ನಂಬರು ಬಿಟ್ಟರೆ ಏನೂ ಇರಲಿಲ್ಲ. ಒಳಗಿನ ಸಾಲುಗಳನ್ನು ನೋಡುತ್ತಿದ್ದಾನೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಂಗೈ ತೊಡೆಯ ಮೇಲೆ ಇಳಿಯಿತು, ಬಾಯಿ ತೆರೆಯಿತು, ಸಣ್ಣಗೆ ಗೊರಕೆ ಶುರುವಾಯಿತು.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ಪಾಸಾದಾಗಲೂ ಆಗಲಿಲ್ಲ.

ಕೋಣೆಯ ಮೇಲ್ವಿಚಾರಣೆಗೆ ಇದ್ದವರು ಅಬ್ದುಲ್ ಕರೀಮ್ ಸಾಹೇಬರು, ವಯಸ್ಸಾದವರು, ಮೆತ್ತಗಿನ ಮನುಷ್ಯ. ಸಾಲಿನ ನಡುವೆ ಬಂದು ರೇವಣಪ್ಪನ ಮುಂದೆ ನಿಂತರು. ಆಮೇಲೆ ನನ್ನ ಕಡೆ ಬಾಗಿ ಕೇಳಿದರು.

“ಇವ್ರು ನಿಮ್ಮೂರವ್ರೇನಪಾ? ನಿದ್ದಿ ಹತ್ತಿದಂಗ ಕಾಣ್ತದ. ಎಬ್ಬಸ್ಲೇನು?”

ಅವರ ಕೈ ಆಗಲೇ ರೇವಣಪ್ಪನ ಭುಜದ ಹತ್ತಿರ ಹೋಗಿತ್ತು.

“ಬ್ಯಾಡ್ರೀ ಸಾಹೇಬ್ರ,” ಎಂದೆ. “ನಿದ್ದಿ ಅಲ್ರೀ ಅದು. ಓದಿದ್ದು ಹಂಗೇ ನೆನಸ್ಕೋತಾರ. ನಡುವ ಯಾರರೆ ಮುಟ್ಟಿದ್ರ ಎಲ್ಲಾ ಮರತು ಹೋಗ್ತದಂತ.”

“ತೌಬಾ! ಹಂಗೇನು?” ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟೇ ಅಲ್ಲ, ಮುಂದೆ ಎರಡು ತಾಸು ಆ ಸಾಲಿನಲ್ಲಿ ಹಾಯುವಾಗ ಚಪ್ಪಲಿ ಸಪ್ಪಳವಾಗದ ಹಾಗೆ ತುದಿಗಾಲಲ್ಲಿ ನಡೆದರು. ನಾನು ಬರೆದೆ. ನಡುನಡುವೆ ನೋಡಿದೆ. ಕೈ ಚಾಚಿದರೆ ಸಾಕು, ಆತನ ತೋಳು ಸಿಗುತ್ತಿತ್ತು. ಚಾಚಲಿಲ್ಲ.

ಗಂಟೆ ಬಾರಿಸಿದಾಗ ರೇವಣಪ್ಪ ಬೆಚ್ಚಿ ಎದ್ದ. ಖಾಲಿ ಹಾಳೆಯನ್ನು ನೋಡಿದ, ನನ್ನನ್ನು ನೋಡಿದ. ಆಗ ಆತ ರೆಪ್ಪೆ ಬಡಿದದ್ದನ್ನು ನಾನು ಕಂಡೆ, ಪಟಪಟನೆ, ನಾಲ್ಕೈದು ಸಲ. ಹಾಳೆ ಕೊಟ್ಟು ಹೊರಗೆ ಹೋದ.

ಮಳೆಗಾಲದ ಶುರುವಿನಲ್ಲಿ ಫಲಿತಾಂಶ ಬಂತು. ನಾನು ಎರಡನೆಯ ದರ್ಜೆಯಲ್ಲಿ ಪಾಸು. ರೇವಣಪ್ಪ ತಾರೀಖಿನಲ್ಲಿ ಫೇಲು, ಅದೊಂದರಲ್ಲಿ ಮಾತ್ರ. ಉಳಿದ ಎಲ್ಲದರಲ್ಲೂ ಪಾಸಾಗಿದ್ದ. ಚಿಂಚೋಳಿಯ ಜಾಗ ಚಿತ್ತಾಪುರದ ಯಾರಿಗೋ ಹೋಯಿತು. ಸುದ್ದಿ ಕೇಳಿ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮೂರನೆಯ ದಿನ ಸಂಜೆ ಆತ ನಮ್ಮ ಮನೆಗೆ ಬಂದ. ಜಗಳಕ್ಕೆ ಬಂದಿದ್ದಾನೆ ಎಂದು ನಾನು ಸೊಂಟ ಕಟ್ಟಿ ನಿಂತೆ. ಪಡಸಾಲೆಯಲ್ಲಿ ಅಪ್ಪನ ಜೊತೆ ಓಣಿಯ ನಾಲ್ಕು ಹಿರಿಯರು ಕೂತಿದ್ದರು.

“ಬರ್ರಿ ಮಾಸ್ತರ್ರ, ಕುಂದ್ರಿ,” ಎಂದ ಅಪ್ಪ.

ರೇವಣಪ್ಪ ಕೂಡಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ. “ಅಬ್ದುಲ್ ಕರೀಮ್ ಸಾಹೇಬ್ರು ಎಲ್ಲಾ ಹೇಳಿದ್ರು,” ಎಂದ. ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಆತ ಹಿರಿಯರ ಕಡೆ ತಿರುಗಿದ.

“ಕೇಳ್ರಿ, ನಾ ದೃಷ್ಟಿ ಕೂತಾಗ ಮುಟ್ಟಲಿಕ್ಕ ಬಂದ್ರು. ಇಂವ ಬಿಡಲಿಲ್ಲ. ತನ್ನ ಪೇಪರ ಬಿಟ್ಟು ನನಗ ಕಾದಾನ. ನಾ ಭಾಳ ಆಳಕ್ಕ ಹೋಗಿಬಿಟ್ಟೆ, ಹೊರಗ ಬರಲಿಕ್ಕ ಆಗ್ಲಿಲ್ಲ, ಅದು ನನ್ನ ತಪ್ಪು. ಖರೇ ಶಿಷ್ಯ ಅಂದ್ರ ಇಂವ. ಅದಕ್ಕೇ ಪಾಸಾದ. ನನಗ ಚಿಂಚೋಳಿ ತಪ್ಪಿದ್ದು ಶಿವನ ಇಚ್ಛಾ. ನೀ ಸೇಡಂದಾಗೇ ಇರು, ಇವನಂಥವರನ್ನ ತಯಾರ ಮಾಡು ಅಂತ ಅಂದಂಗ ಆತು.”

ಅಪ್ಪನ ಕಣ್ಣಲ್ಲಿ ನೀರು. ಹಿರಿಯರು ಹೌದು ಹೌದು ಎಂದರು. ಅವರಲ್ಲಿ ಇಬ್ಬರ ಮಕ್ಕಳು ಆ ವರ್ಷ ಕಾಲೇಜು ಸೇರುವವರಿದ್ದರು. ವಾಡಿಯ ಬೆಂಚಿನ ಮೇಲೆ ಆತ ಹೇಳಿದ ಮಾತಿನ ಅರ್ಥ ನನಗೆ ಆಗ, ಆ ಪಡಸಾಲೆಯಲ್ಲಿ ತಿಳಿಯಿತು. ಆತನ ಭುಜ ಒಂದು ಸಲ ಅಲುಗಿಸಿದ್ದರೆ, ಇಲ್ಲವೇ ಸಾಹೇಬರ ಕೈ ತಡೆಯದೆ ಸುಮ್ಮನಿದ್ದಿದ್ದರೆ, ಈ ಪೀಡೆ ಮಳೆಗಾಲಕ್ಕೆ ಊರು ಬಿಟ್ಟು ತೊಲಗುತ್ತಿತ್ತು. ಅದನ್ನು ಕಟ್ಟಿಹಾಕಿ ಸೇಡಂನಲ್ಲಿ ಉಳಿಸಿದವನು ನಾನು. ಬಾಯಿ ತೆರೆದು ನಿಜ ಹೇಳಬಹುದಿತ್ತು. ಹೇಳಿದರೆ ನಾನು ಎಂಥವನು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹೇಳಲಿಲ್ಲ.

ಮರುದಿನವೇ ಅಪ್ಪ ಗುಲಬರ್ಗಾದಲ್ಲಿ ಓದುತ್ತಿದ್ದ ನನ್ನ ತಮ್ಮ ಬಸವಂತರಾಯನನ್ನು ಆತನ ಕೈಗೆ ಒಪ್ಪಿಸಿದ. ಬಸವಂತ ಇಂಟರ್ ಎರಡನೆಯ ವರ್ಷಕ್ಕೆ ಬಂದಿದ್ದ, ಪರೀಕ್ಷೆಗೆ ಇನ್ನೂ ಹತ್ತು ತಿಂಗಳಿತ್ತು. ಸೂಟಿಯಲ್ಲಿ ಉಳಿದ ದಿನವೆಲ್ಲ ಈಗಿನಿಂದಲೇ ದೃಷ್ಟಿ ಕೂಡಲಿ ಎಂದು ರೇವಣಪ್ಪ ಹೇಳಿದ್ದ. ಅವ್ವ ಈ ಸಲ ಬಾಗಿಲಿಗೆ ಅಡ್ಡ ಬರಲಿಲ್ಲ. ನನ್ನ ಮುಖ ನೋಡಿದಳು, ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು, ಆಮೇಲೆ ಒಳಗೆ ಹೋದಳು.

ಹನ್ನೆರಡು ದಿನಕ್ಕೆ ಬಸವಂತನ ಕಣ್ಣುಗಳು ಕೆಂಪಾಗಿ ಊದಿಕೊಂಡವು. ಮಧ್ಯಾಹ್ನ ಅಟ್ಟದ ಮೇಲೆ ಕೂತು ಅಂಗೈಯಲ್ಲಿ ಹಾಳೆ ಹಿಡಿದಿದ್ದ. ನಾನು ಹೋಗಿ ಹಾಳೆ ಕಿತ್ತುಕೊಂಡೆ.

“ಬಸವಂತಾ, ಕೇಳು. ಆ ಮನಿಷ್ಯಾ ಅವತ್ತ ದೃಷ್ಟಿ ಗಿಷ್ಟಿ ಕೂತಿರಲಿಲ್ಲ. ನಿದ್ದಿ ಹೊಡದ. ಗೊರಕಿ ನಾ ಕೇಳೀನಿ. ಸಾಹೇಬ್ರು ಎಬ್ಬಸಲಿಕ್ಕ ಬಂದಾಗ ನಾನೇ ಸುಳ್ಳ ಹೇಳಿ ತಡದೆ. ಫೇಲಾಗ್ಲಿ ಅಂತ ತಡದೆ. ನಾ ಪಾಸಾಗಿದ್ದು ಹೊಟ್ಟಿ ತುಂಬ ಉಂಡು, ಮಕ್ಕೊಂಡು, ಅವ್ವಗ ಪಾಠ ಹೇಳಿ. ಬಿಡು ಇದನ್ನ, ಕಣ್ಣ ಕಳ್ಕೋತಿ.”

ಅವನು ಆ ಕೆಂಪು ಕಣ್ಣುಗಳಿಂದ ನನ್ನನ್ನು ನೋಡಿದ. ರೆಪ್ಪೆ ಬಡಿಯಲಿಲ್ಲ.

“ನೀ ಪಾಸಾಗಿ ಹೈದರಾಬಾದಿಗಿ ಹೊಂಟೀದಿ ಅಣ್ಣಾ,” ಎಂದ. “ನಾ ಪಾಸಾಗಬಾರ್ದು ಅಂತೇನು ನಿನಗ? ಮಾಸ್ತರ್ರು ಮೊದಲೇ ಹೇಳಿದ್ರು, ಪಾಸಾದವರು ಗುಟ್ಟು ಬಿಟ್ಟುಕೊಡಂಗಿಲ್ಲ ಅಂತ. ಹಾಳಿ ಕೊಡು.”

ಕೊಟ್ಟೆ. ಮರುದಿನ ನಸುಕಿನಲ್ಲಿ ಅವನು ತಣ್ಣೀರು ಸುರಿದುಕೊಂಡು ರೇವಣಪ್ಪನ ಮನೆಗೆ ಹೋದ. ನನ್ನ ಕಾಲಕ್ಕೆ ಅಲ್ಲಿ ನಾವು ಮೂವರಿದ್ದೆವು. ಆ ವರ್ಷ ಹನ್ನೊಂದು ಮಂದಿ ಕೂತಿದ್ದರು.